ಶಿಕ್ಷಣದ ಬಜೆಟ್: ಹೆಚ್ಚುವರಿ ಹಣ ಸಿಕ್ಕರೆ ಮೊದಲು ಎಲ್ಲಿಗೆ ಹಾಕಬೇಕು?

ಶಿಕ್ಷಣಕ್ಕೆ ಸರ್ಕಾರ ಎಷ್ಟು ಖರ್ಚು ಮಾಡಬೇಕು ಅಂತ ಮಾತು ಶುರುವಾದರೆ ಜಿಡಿಪಿಯ ಶೇಕಡಾ ಲೆಕ್ಕ ಬಂದೇ ಬರುತ್ತದೆ. 2015ರಲ್ಲಿ ದಕ್ಷಿಣ ಕೊರಿಯಾದ ಇಂಚಾನ್‌ನಲ್ಲಿ ಸೇರಿದ ದೇಶಗಳು ಒಪ್ಪಿಕೊಂಡ ಗುರಿ ಜಿಡಿಪಿಯ ಶೇ 4ರಿಂದ 6, ಅಥವಾ ಸರ್ಕಾರದ ಒಟ್ಟು ಖರ್ಚಿನ ಶೇ 15ರಿಂದ 20. ಸರ್ಕಾರವನ್ನು ಹೊಗಳುವವರೂ ಬೈಯುವವರೂ ಈಗ ಇದೇ ಅಂಕಿ ಹಿಡಿದು ಮಾತಾಡುತ್ತಾರೆ.

ಗುರಿ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದು ಎಷ್ಟು ಅಂತ ಮಾತ್ರ ಹೇಳುತ್ತದೆ, ಯಾವುದಕ್ಕೆ ಅಂತ ಹೇಳುವುದಿಲ್ಲ. ಡೊಮಿನಿಕನ್ ಗಣರಾಜ್ಯವನ್ನೇ ನೋಡಿ. ಜಿಡಿಪಿಯ ಶೇ 4 ಶಿಕ್ಷಣಕ್ಕೆ ಅಂತ 1997ರಲ್ಲೇ ಕಾನೂನು ಮಾಡಿಕೊಂಡಿತು. ನಿಜಕ್ಕೂ ಕೊಟ್ಟಿದ್ದು 2013ರಲ್ಲಿ, ಅದೂ ಜನ ಬೀದಿಗಿಳಿದು ಕೇಳಿದ ಮೇಲೆ. 15 ವರ್ಷದ ಮಕ್ಕಳಿಗೆ ಹಲವು ದೇಶಗಳಲ್ಲಿ ಒಟ್ಟಿಗೆ ನಡೆಯುವ ಪೀಸಾ ಪರೀಕ್ಷೆಗೆ 2015ರಲ್ಲಿ ಮೊದಲ ಸಲ ಕೂತಾಗ ಗಣಿತ, ವಿಜ್ಞಾನ ಎರಡರಲ್ಲೂ ಆ ದೇಶಕ್ಕೆ ಕೊನೆಯ ಸ್ಥಾನ ಬಂತು. ಎರಡು ವರ್ಷದಲ್ಲಿ ಪವಾಡ ಆಗಲ್ಲ, ಒಪ್ಪೋಣ. ಹಾಗಾದರೆ ದಕ್ಷಿಣ ಆಫ್ರಿಕಾ? ವರ್ಷಾನುಗಟ್ಟಲೆಯಿಂದ ಶೇ 6ರ ಆಸುಪಾಸು ಖರ್ಚು ಮಾಡುತ್ತಿರುವ ದೇಶ ಅದು. 2021ರ ಅಂತರರಾಷ್ಟ್ರೀಯ ಓದಿನ ಪರೀಕ್ಷೆಯಲ್ಲಿ ಅಲ್ಲಿನ ನಾಲ್ಕನೇ ತರಗತಿಯ 100 ಮಕ್ಕಳಲ್ಲಿ 81 ಮಂದಿಗೆ ಓದಿದ್ದು ಅರ್ಥವಾಗುತ್ತಿರಲಿಲ್ಲ. ತಲಾ ಆದಾಯದಲ್ಲಿ ಅದಕ್ಕಿಂತ ಬಹಳ ಹಿಂದಿದ್ದ ವಿಯೆಟ್ನಾಂ 2012ರ ಪೀಸಾದಲ್ಲಿ ವಿಜ್ಞಾನಕ್ಕೆ 65ರಲ್ಲಿ 8ನೇ ಸ್ಥಾನ ಪಡೆದಿತ್ತು. ಶಾಲೆ ಬಿಟ್ಟ ಮಕ್ಕಳು ಆ ಪರೀಕ್ಷೆಯಲ್ಲಿ ಇರಲಿಲ್ಲ, ಹಾಗಾಗಿ ಅಂಕ ಸ್ವಲ್ಪ ಉಬ್ಬಿದೆ ಅನ್ನೋ ಆಕ್ಷೇಪ ಇದೆ. ಅದನ್ನು ಕಳೆದು ನೋಡಿದರೂ ಸಾಧನೆ ಸಣ್ಣದಲ್ಲ.

ಇದರಿಂದ ಹಣ ಮುಖ್ಯವೇ ಅಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ. 2015ರ ಪೀಸಾ ಲೆಕ್ಕದಲ್ಲಿ ಒಂದು ಮಗುವಿನ ಮೇಲೆ 6ರಿಂದ 15ನೇ ವಯಸ್ಸಿನವರೆಗೆ ಒಟ್ಟು 50,000 ಡಾಲರ್ ಮುಟ್ಟುವ ತನಕ ಖರ್ಚು ಹೆಚ್ಚಿದಂತೆ ಅಂಕವೂ ಹೆಚ್ಚುತ್ತಿತ್ತು. ಅಲ್ಲಿಂದಾಚೆಗೆ ಆ ನಂಟು ಸಡಿಲವಾಗುತ್ತದೆ. ಮಧ್ಯಮ ಆದಾಯದ ದೇಶಗಳಲ್ಲಿ ಹೆಚ್ಚಿನವು ಆ ಗೆರೆಯ ಕೆಳಗೇ ಇವೆ. ವಿಶ್ವಬ್ಯಾಂಕ್ ಈ ಹೆಸರು ಕೊಡುವುದು ವರ್ಷದ ತಲಾ ಆದಾಯ ಸುಮಾರು 1,100ರಿಂದ 14,000 ಡಾಲರ್ ಒಳಗಿನ ದೇಶಗಳಿಗೆ. ಕೀನ್ಯಾ, ಭಾರತ, ಇಂಡೊನೇಷ್ಯಾ, ಪೆರು, ಬ್ರೆಜಿಲ್, ಮೆಕ್ಸಿಕೊ ಎಲ್ಲ ಇದರಲ್ಲೇ ಬರುತ್ತವೆ. ಖಜಾನೆ ಖಾಲಿ ಅನ್ನುವ ಹಾಗಿಲ್ಲ, ಕೇಳಿದ್ದೆಲ್ಲ ಕೊಡುವಷ್ಟೂ ಇಲ್ಲ. ಆರಿಸಿಕೊಳ್ಳಲೇಬೇಕು.

ಆರಿಸುವ ಮೊದಲು

ಒಂದು ಪ್ರಶ್ನೆಗೆ ಉತ್ತರ ಸಿಗದೆ ಮುಂದೆ ಹೋಗಬಾರದು: ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ? ಶಾಲೆಗೆ ಬಂದೇ ಇಲ್ಲವಾ, ಬಂದು ನಡುವೆ ಬಿಟ್ಟಿತಾ, ಅಥವಾ ದಿನವೂ ಬಂದು ಬೆಂಚಿನ ಮೇಲೆ ಕೂತಿದ್ದರೂ ಕಲಿಯುತ್ತಿಲ್ಲವಾ? ಮೂರಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಕೊಟ್ಟ ಮದ್ದನ್ನು ಮೂರನೆಯದಕ್ಕೆ ಕೊಟ್ಟು ಕೂತಿರುವ ದೇಶಗಳೇ ಜಾಸ್ತಿ. ಮಧ್ಯಮ ಆದಾಯದ ದೇಶಗಳಲ್ಲಿ ಪ್ರಾಥಮಿಕ ದಾಖಲಾತಿ ಬಹುಮಟ್ಟಿಗೆ ಮುಗಿದ ಕೆಲಸ. ಆದರೆ ಕೋವಿಡ್‌ಗೂ ಮೊದಲು, 2019ರಲ್ಲೇ, ಬಡ ಮತ್ತು ಮಧ್ಯಮ ಆದಾಯದ ದೇಶಗಳ 10 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಒಂದು ಸರಳ ಕಥೆ ಓದಿ ಅರ್ಥ ಮಾಡಿಕೊಳ್ಳಲು ಬರುವುದಿಲ್ಲ ಅಂತ ವಿಶ್ವಬ್ಯಾಂಕ್ ಅಂದಾಜು ಮಾಡಿತ್ತು.

ಇನ್ನೊಂದು ವಿಷಯ. ಶಿಕ್ಷಣದ ಬಜೆಟ್ಟಿನ ಸಿಂಹಪಾಲು ಸಂಬಳಕ್ಕೆ ಹೋಗುತ್ತದೆ. ಪಿಂಚಣಿ, ಕಟ್ಟಡ ನಿರ್ವಹಣೆ ಕಳೆದರೆ ಸರ್ಕಾರದ ಕೈಯಲ್ಲಿ ನಿಜವಾಗಿ ಆಡಿಸಲು ಉಳಿಯುವುದು ತೆಳುವಾದ ಒಂದು ಪದರ. ಕೆಳಗಿನ ಹೋಲಿಕೆಯೆಲ್ಲ ಆ ಪದರದ ಬಗ್ಗೆ.

ಸಂಬಳವಾ, ಹೆಚ್ಚು ಶಿಕ್ಷಕರಾ, ಪಾಠದ ರೀತಿಯಾ?

ಅತಿ ದೊಡ್ಡ ಮೊತ್ತ ಇಲ್ಲೇ ಇರುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಇಂಡೊನೇಷ್ಯಾ 2002ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು ಬಜೆಟ್ಟಿನ ಶೇ 20 ಶಿಕ್ಷಣಕ್ಕೆ ಅಂತ ಬರೆದುಕೊಂಡಿತು. 2005ರ ಕಾನೂನಿನ ಪ್ರಕಾರ ಪ್ರಮಾಣಪತ್ರ ಪಡೆದ ಶಿಕ್ಷಕರಿಗೆ ಮೂಲ ವೇತನದಷ್ಟೇ ಇನ್ನೊಂದು ಭತ್ಯೆ. ಅಂದರೆ ಮೂಲ ಸಂಬಳ ಎರಡು ಪಟ್ಟು. ಪ್ರಮಾಣಪತ್ರ ಅಂದರೆ ಕಠಿಣ ಪರೀಕ್ಷೆ ಇರುತ್ತದೆ ಅಂದುಕೊಂಡಿದ್ದರು. ಕೊನೆಗೆ ಅದು ಬಹುಪಾಲು ಸೇವಾ ದಾಖಲೆ, ತರಬೇತಿ ಪತ್ರಗಳ ಕಡತ ಸಲ್ಲಿಸುವ ಕೆಲಸವಾಯಿತು. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಗಾರರು 360 ಶಾಲೆಗಳಲ್ಲಿ ಇದನ್ನು ಅಳೆದರು. ಆರಿಸಿದ ಕೆಲವು ಶಾಲೆಗಳ ಶಿಕ್ಷಕರಿಗೆ ಸಂಬಳ ಬೇಗ ಹೆಚ್ಚಿತು, ಉಳಿದ ಶಾಲೆಗಳವರು ಮಾಮೂಲಿ ಸರದಿಯಲ್ಲೇ ಕಾದರು. ಎರಡು ಮೂರು ವರ್ಷದ ನಂತರ ಹೆಚ್ಚು ಸಂಬಳದವರು ಖುಷಿಯಾಗಿದ್ದರು. ಸಾಲದ ಚಿಂತೆ ಕಡಿಮೆಯಾಗಿತ್ತು. ಪಕ್ಕದಲ್ಲಿ ಮಾಡುತ್ತಿದ್ದ ಇನ್ನೊಂದು ಕೆಲಸ ಬಿಟ್ಟವರೂ ಇದ್ದರು. ಮಕ್ಕಳ ಅಂಕ ಮಾತ್ರ ಇದ್ದಲ್ಲೇ ಇತ್ತು.

ಇದನ್ನು ಶಿಕ್ಷಕರ ವಿರುದ್ಧದ ವಾದವಾಗಿ ಬಳಸುವವರಿದ್ದಾರೆ. ಅದು ಸರಿಯಲ್ಲ. ಆಗಲೇ ಕೆಲಸದಲ್ಲಿರುವ, ಕೆಲಸ ಕಳೆದುಕೊಳ್ಳುವ ಭಯವಿಲ್ಲದ ಶಿಕ್ಷಕರಿಗೆ ಷರತ್ತಿಲ್ಲದೆ ಸಂಬಳ ಹೆಚ್ಚಿಸಿದರೆ ಪಾಠ ತಾನಾಗಿ ಬದಲಾಗುವುದಿಲ್ಲ ಅಂತಷ್ಟೇ ಇದು ತೋರಿಸಿತು. ಒಳ್ಳೆ ಸಂಬಳ ನೋಡಿ ಮುಂದಿನ ಪೀಳಿಗೆಯ ಜಾಣರು ಈ ಕೆಲಸಕ್ಕೆ ಬರಬಹುದು. ಆ ಲಾಭ ಎರಡು ಮೂರು ವರ್ಷದ ಅಧ್ಯಯನದಲ್ಲಿ ಕಾಣುವುದಿಲ್ಲ. ಹಾಗಾಗಿ ಸಂಬಳ ಕಡಿಮೆ ಇದ್ದು ಅರ್ಜಿ ಹಾಕುವವರೇ ಇಲ್ಲದ ಕಡೆ ಅದನ್ನು ಹೆಚ್ಚಿಸಲೇಬೇಕು. ಒಂದು ಹುದ್ದೆಗೆ ಸಾವಿರಾರು ಅರ್ಜಿ ಬೀಳುವ ಕಡೆ ನೇಮಕಾತಿ ಹೇಗೆ ನಡೆಯುತ್ತದೆ ಅನ್ನೋದರ ಮೇಲೆ ಕಣ್ಣಿಡುವುದು ಮೇಲು.

ಹೆಚ್ಚು ಶಿಕ್ಷಕರನ್ನು ತೆಗೆದುಕೊಂಡು ತರಗತಿ ಚಿಕ್ಕದು ಮಾಡಿದರೆ? ಎಲ್ಲರಿಗೂ ಇಷ್ಟವಾಗುವ ಉತ್ತರ ಇದು. ತಂದೆತಾಯಿಗೂ ಇಷ್ಟ, ಶಿಕ್ಷಕರ ಸಂಘಕ್ಕೂ ಇಷ್ಟ. ಕೀನ್ಯಾದಲ್ಲಿ 2003ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವಾದ ಮೇಲೆ ಒಂದನೇ ತರಗತಿಗಳು ತುಂಬಿ ತುಳುಕಿದವು. ಅರ್ಥಶಾಸ್ತ್ರಜ್ಞೆ ಎಸ್ತೆರ್ ಡುಫ್ಲೋ ಮತ್ತಿತರರ ಪ್ರಯೋಗದಲ್ಲಿ ಹೆಚ್ಚುವರಿ ಶಿಕ್ಷಕರನ್ನು ಗುತ್ತಿಗೆಯ ಮೇಲೆ ಕೊಟ್ಟು, 80ರ ಮೇಲಿದ್ದ ಮಕ್ಕಳ ಸಂಖ್ಯೆಯನ್ನು ಸುಮಾರು 45ಕ್ಕೆ ಇಳಿಸಿದರು. ಕಾಯಂ ಶಿಕ್ಷಕರ ಬಳಿಯೇ ಉಳಿದ ಮಕ್ಕಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಇನ್ನೊಬ್ಬರು ಇದ್ದಾರಲ್ಲ ಅಂತ ಹಳೆಯ ಶಿಕ್ಷಕರು ಪಾಠಕ್ಕೆ ಬರುವುದೇ ಕಡಿಮೆಯಾಯಿತು! ಗುತ್ತಿಗೆ ಶಿಕ್ಷಕರ ಬಳಿ ಕೂತ ಮಕ್ಕಳು ಮಾತ್ರ ಮುಂದೆ ಬಂದರು.

ಹಾಗಾದರೆ ಗುತ್ತಿಗೆ ಶಿಕ್ಷಕರೇ ಪರಿಹಾರ ಅನಿಸುತ್ತದೆ, ಅಲ್ವಾ? ಕೀನ್ಯಾ ಸರ್ಕಾರಕ್ಕೂ ಹಾಗೇ ಅನಿಸಿತು. ಯೋಜನೆಯನ್ನು ದೇಶಕ್ಕೆ ಹರಡಲು ಹೊರಟಾಗ ಅದರ ಜೊತೆಗೇ ಇನ್ನೊಂದು ಅಧ್ಯಯನ ನಡೆಯಿತು. ಸ್ವಯಂಸೇವಾ ಸಂಸ್ಥೆ ನಡೆಸಿದ ಕಡೆ ಅಂಕ ಏರಿತು. ಅದೇ ಯೋಜನೆಯನ್ನು ಸರ್ಕಾರಿ ಇಲಾಖೆ ನಡೆಸಿದ ಕಡೆ ಏನೂ ಆಗಲಿಲ್ಲ. ಗುತ್ತಿಗೆಯವರ ಸಂಬಳ ತಡವಾಗುತ್ತಿತ್ತು, ಉಸ್ತುವಾರಿ ಸಡಿಲವಿತ್ತು. ಸಂಘ ಬೀದಿಗಿಳಿದಿತ್ತು, ಹೇಗೂ ಕಾಯಂ ಆಗುತ್ತೇವೆ ಅನ್ನೋ ನಿರೀಕ್ಷೆಯೂ ಹುಟ್ಟಿತ್ತು. ಯಾವುದೇ ಯೋಜನೆಯ ಸಾಧನೆ ಹೇಳುವವರನ್ನು ಅದಕ್ಕೇ ಮೊದಲು ಕೇಳಬೇಕು: ಅದನ್ನು ನಡೆಸಿದ್ದು ಯಾರು?

ಮೂರನೆಯ ಆಯ್ಕೆ ಪಾಠ ಮಾಡುವ ರೀತಿಯನ್ನೇ ಬದಲಿಸುವುದು. ನನ್ನ ಮತ ಇದಕ್ಕೆ. ಕೀನ್ಯಾದ ಉದಾಹರಣೆಯನ್ನೇ ಮುಂದುವರಿಸೋಣ. ಮಕ್ಕಳಿಗೆ ಸುಮ್ನೆ ಪಠ್ಯಪುಸ್ತಕ ಹಂಚಿದಾಗ ಏನಾಯಿತು ಅಂತ ಹಿಂದೆಯೇ ಒಂದು ಅಧ್ಯಯನ ಆಗಿತ್ತು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಉಪಯೋಗವಾಗಿದ್ದು ಆಗಲೇ ಮುಂದಿದ್ದ ಮಕ್ಕಳಿಗೆ ಮಾತ್ರ. 2015ರಿಂದ ದೇಶದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ತುಸೋಮೆ ಕಾರ್ಯಕ್ರಮ ಪುಸ್ತಕದ ಜೊತೆಗೆ ಇನ್ನೆರಡು ಸೇರಿಸಿತು. ಶಿಕ್ಷಕರಿಗೆ ಇವತ್ತಿನ ಪಾಠ ಇಷ್ಟು, ಹೀಗೆ ಶುರುಮಾಡಿ, ಈ ಪದಗಳನ್ನು ಓದಿಸಿ ಅಂತ ದಿನದಿನದ ಕೈಪಿಡಿ. ತಿಂಗಳು ತಿಂಗಳು ತರಗತಿಗೆ ಬಂದು ಕೂರುವ ಒಬ್ಬ ಅಧಿಕಾರಿ. ಆ ಅಧಿಕಾರಿಯ ಕೈಯಲ್ಲಿ ಟ್ಯಾಬ್ಲೆಟ್ ಇರುತ್ತಿತ್ತು. ಪಾಠ ಕೇಳಿ, ಕೆಲವು ಮಕ್ಕಳನ್ನು ಕರೆದು ಓದಿಸಿ, ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಓದಿದರು ಅಂತ ಬರೆದುಕೊಂಡು, ಶಿಕ್ಷಕರ ಜೊತೆ ಮಾತಾಡಿ ಹೋಗಬೇಕಿತ್ತು. ಪ್ರಯಾಣ ಭತ್ಯೆ ಸಿಗುತ್ತಿದ್ದುದು ಟ್ಯಾಬ್ಲೆಟ್ಟಿನಲ್ಲಿ ದಾಖಲಾದ ಭೇಟಿಯ ಲೆಕ್ಕದ ಮೇಲೆ. ಮೊದಲು ಹೆಸರಿಗಷ್ಟೇ ಇದ್ದ ಹುದ್ದೆ ಇದರಿಂದ ನಿಜವಾದ ಕೆಲಸವಾಯಿತು. ಓದುವ ವೇಗ ಚೆನ್ನಾಗಿಯೇ ಏರಿತು.

ಇದಕ್ಕಿಂತ ಸರಳ ಇನ್ನೊಂದಿದೆ. ಮಕ್ಕಳನ್ನು ತರಗತಿ ಪ್ರಕಾರ ಕೂರಿಸದೆ, ಎಷ್ಟು ಬರುತ್ತದೆ ಅನ್ನೋದರ ಪ್ರಕಾರ ಗುಂಪು ಮಾಡಿ ದಿನಕ್ಕೆ ಸ್ವಲ್ಪ ಹೊತ್ತು ಕಲಿಸುವುದು. 2000ದ ದಶಕದ ಮೊದಲಲ್ಲಿ ಪ್ರಥಮ್ ಸಂಸ್ಥೆ ಮುಂಬೈ, ವಡೋದರಾಗಳಲ್ಲಿ ಹಿಂದುಳಿದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಹೀಗೆ ಕಲಿಸಿತು. ಕಲಿಸಿದ್ದು ಊರಿನದೇ ಯುವತಿಯರು. ಖರ್ಚು ಅಲ್ಪ, ಲಾಭ ದೊಡ್ಡದು. ಸರ್ಕಾರಗಳಿಗೆ ಕಷ್ಟವಾಗುವುದು ಐದನೇ ತರಗತಿಯ ಮಗುವಿಗೆ ಎರಡನೇ ತರಗತಿಯದು ಬರುವುದಿಲ್ಲ ಅಂತ ಕಾಗದದ ಮೇಲೆ ಒಪ್ಪಿಕೊಳ್ಳುವುದು.

ಸಿದ್ಧ ಕೈಪಿಡಿ ಒಳ್ಳೆ ಶಿಕ್ಷಕರಿಗೆ ಕಿರಿಕಿರಿ. ಅವರ ದೂರಿನಲ್ಲಿ ಹುರುಳಿದೆ. ಅಂಥವರು ಪುಟ ಪುಟ ಅನುಸರಿಸಲೇಬೇಕು ಅಂತ ಹಟ ಹಿಡಿಯಬೇಕಿಲ್ಲ.

ಕಟ್ಟಡವಾ, ಕುಟುಂಬಕ್ಕೆ ಹಣವಾ?

ಮಗು ಶಾಲೆಗೇ ಬರುತ್ತಿಲ್ಲ ಅಂದರೆ ಈ ಪ್ರಶ್ನೆ. ಶಾಲೆ ದೂರವಿದ್ದರೆ ಕಟ್ಟಡ ಕಟ್ಟಬೇಕು, ಅದರಲ್ಲಿ ಎರಡು ಮಾತಿಲ್ಲ. ಇಂಡೊನೇಷ್ಯಾ 1973ರಿಂದ 1979ರೊಳಗೆ ತೈಲದ ದುಡ್ಡಿನಲ್ಲಿ 61,000ಕ್ಕೂ ಜಾಸ್ತಿ ಪ್ರಾಥಮಿಕ ಶಾಲೆ ಕಟ್ಟಿತು. ಹೆಚ್ಚು ಶಾಲೆ ಬಂದ ಜಿಲ್ಲೆಗಳ ಹುಡುಗರು ಹೆಚ್ಚು ವರ್ಷ ಓದಿದರು, ದೊಡ್ಡವರಾದ ಮೇಲೆ ಹೆಚ್ಚು ಸಂಪಾದಿಸಿದರು ಅಂತ ಡುಫ್ಲೋ 2001ರಲ್ಲಿ ತೋರಿಸಿದರು. ಈಗ ಅಂಥ ಜಿಲ್ಲೆಗಳು ಕಡಿಮೆ. ಆದರೂ ಕಟ್ಟಡಕ್ಕೆ ಹಣ ಸುಲಭವಾಗಿ ಸಿಗುತ್ತದೆ. ಉದ್ಘಾಟನೆ ಮಾಡಬಹುದಲ್ಲ!

ಶಾಲೆ ಹತ್ತಿರದಲ್ಲೇ ಇದ್ದು, ಮಗು ದುಡಿಯಲು ಹೋಗುತ್ತಿದ್ದರೆ ಕುಟುಂಬಕ್ಕೆ ಹಣ ಕೊಡುವುದು ಸರಿ. ಮೆಕ್ಸಿಕೊದಲ್ಲಿ 1997ರಲ್ಲಿ ಶುರುವಾದ ಪ್ರೊಗ್ರೆಸಾ ಮಕ್ಕಳ ಹಾಜರಾತಿ ನೋಡಿ ತಾಯಂದಿರ ಕೈಗೆ ಹಣ ಕೊಡುತ್ತಿತ್ತು. ತರಗತಿ ಏರಿದಂತೆ ಮೊತ್ತವೂ ಏರುತ್ತಿತ್ತು. ಪ್ರೌಢಶಾಲೆಯಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಜಾಸ್ತಿ. ದಾಖಲಾತಿ, ಮುಖ್ಯವಾಗಿ ಪ್ರೌಢಶಾಲೆಯದು, ಹೆಚ್ಚಿತು. ಕಲಿಕೆಯ ಮೇಲೆ ಪರಿಣಾಮ ಅಷ್ಟಕ್ಕಷ್ಟೇ. ಬೇರೆ ಬೇರೆ ಹೆಸರಿನಲ್ಲಿ ನಡೆದ ಈ ಯೋಜನೆ 2019ರಲ್ಲಿ ನಿಂತುಹೋಯಿತು. ಶಾಲೆಯಲ್ಲಿ ಊಟ ಕೊಡುವುದು ಇನ್ನೊಂದು ದಾರಿ. ಭಾರತದ ಬಿಸಿಯೂಟವನ್ನು ಐದು ವರ್ಷದ ತನಕ ಉಂಡ ಮಕ್ಕಳ ಓದಿನ ಅಂಕ, ಅಷ್ಟು ಕಾಲ ಸಿಗದವರಿಗಿಂತ ಸುಮಾರು ಶೇ 18 ಹೆಚ್ಚಿತ್ತು ಅಂತ ಒಂದು ಅಧ್ಯಯನ ಹೇಳಿದೆ. ಹಾಜರಾತಿಯೂ ಕಲಿಕೆಯೂ ಒಟ್ಟಿಗೆ ಬೇಕಾದರೆ ನಗದಿಗಿಂತ ಊಟ ವಾಸಿ.

ಇವೆಲ್ಲಕ್ಕಿಂತ ಅಗ್ಗದ್ದು ಒಂದಿದೆ. ಡೊಮಿನಿಕನ್ ಗಣರಾಜ್ಯದಲ್ಲಿ ಎಂಟನೇ ತರಗತಿಯ ಹುಡುಗರಿಗೆ ಪ್ರೌಢಶಾಲೆ ಮುಗಿಸಿದರೆ ಎಷ್ಟು ಸಂಬಳ ಸಿಗುತ್ತದೆ ಅನ್ನೋ ಸರಿಯಾದ ಲೆಕ್ಕ ಹೇಳಿದರು, ಅಷ್ಟೇ. ಅವರು ಅಂದುಕೊಂಡಿದ್ದು ಅದಕ್ಕಿಂತ ಬಹಳ ಕಡಿಮೆ ಇತ್ತು. ಮಾಹಿತಿ ಸಿಕ್ಕವರು ಸರಾಸರಿ 0.2 ವರ್ಷ ಹೆಚ್ಚು ಓದಿದರು. ತೀರಾ ಬಡ ಮನೆಯ ಹುಡುಗರಿಗೆ ಮಾತ್ರ ಇದು ಸಾಕಾಗಲಿಲ್ಲ. ಓದಬೇಕು ಅನಿಸಿದರೂ ದುಡ್ಡು ಇರಲಿಲ್ಲ.

ಸರ್ಕಾರಿ ಶಾಲೆಗಾ, ಮಗುವಿನ ಹಿಂದೆ ಹೋಗುವ ವೋಚರ್‌ಗಾ?

ವೋಚರ್ ಅಂದರೆ ಮಗು ಆರಿಸಿಕೊಂಡ ಶಾಲೆಗೆ, ಅದು ಖಾಸಗಿಯಾದರೂ, ಶುಲ್ಕಕ್ಕೆ ಅಂತ ಸರ್ಕಾರ ಕೊಡುವ ಹಣ. ಈ ಜಗಳ ಸೈದ್ಧಾಂತಿಕವಾಗಿ ನಡೆಯುವುದೇ ಜಾಸ್ತಿ. ಪುರಾವೆ ನೋಡಿದರೆ ಎರಡೂ ಕಡೆಯವರಿಗೆ ನಿರಾಸೆ. ಕೊಲಂಬಿಯಾ 1991ರಿಂದ ಬಡ ಬಡಾವಣೆಗಳ ಸುಮಾರು 1.25 ಲಕ್ಷ ಮಕ್ಕಳಿಗೆ ಖಾಸಗಿ ಪ್ರೌಢಶಾಲೆಯ ಶುಲ್ಕದ ಒಂದು ಪಾಲು ಕೊಟ್ಟಿತು. ಅರ್ಜಿ ಜಾಸ್ತಿಯಾದ ಕಡೆ ಲಾಟರಿ ಎತ್ತಿದರು. ಗೆದ್ದವರು ಎಂಟನೇ ತರಗತಿ ಮುಗಿಸುವ ಸಾಧ್ಯತೆ ಶೇಕಡಾವಾರು ಲೆಕ್ಕದಲ್ಲಿ ಸುಮಾರು 10 ಅಂಶ ಹೆಚ್ಚಿತ್ತು. ಫೇಲಾದರೆ ವೋಚರ್ ಹೋಗುತ್ತಿತ್ತು, ಅದೂ ಒಂದು ಕಾರಣ ಇರಬಹುದು. ಚಿಲಿ 1981ರಲ್ಲಿ, ಅದಿನ್ನೂ ಮಧ್ಯಮ ಆದಾಯದ ದೇಶವಾಗಿದ್ದಾಗ, ಇಡೀ ದೇಶಕ್ಕೇ ವೋಚರ್ ತಂದಿತು. ಉಳ್ಳವರ ಮಕ್ಕಳು ಒಂದು ಕಡೆ, ಇಲ್ಲದವರ ಮಕ್ಕಳು ಇನ್ನೊಂದು ಕಡೆ ಆದರು. 2008ರಲ್ಲಿ ಬಡ ಮಕ್ಕಳಿಗೆ ಹೆಚ್ಚಿನ ಮೊತ್ತ ಕೊಡುವ ಕಾನೂನು ಬಂತು. 2015ರಲ್ಲಿ ಸರ್ಕಾರದ ಹಣ ಪಡೆಯುವ ಶಾಲೆಗಳಲ್ಲಿ ಲಾಭ, ಹೆಚ್ಚುವರಿ ಶುಲ್ಕ, ಮಕ್ಕಳನ್ನು ಆರಿಸಿಕೊಳ್ಳುವುದು ಮೂರಕ್ಕೂ ತಡೆ ಬಿತ್ತು. ಆಂಧ್ರಪ್ರದೇಶದ ಪ್ರಯೋಗದಲ್ಲಿ ವೋಚರ್ ಪಡೆದು ಖಾಸಗಿ ಶಾಲೆಗೆ ಹೋದ ಮಕ್ಕಳು ತೆಲುಗು, ಗಣಿತದಲ್ಲಿ ಸರ್ಕಾರಿ ಶಾಲೆಯವರಷ್ಟೇ ಕಲಿತರು, ಹಿಂದಿಯಲ್ಲಿ ಮುಂದಿದ್ದರು. ಆದರೆ ಆ ಖಾಸಗಿ ಶಾಲೆಗಳ ಖರ್ಚು ಸರ್ಕಾರಿ ಶಾಲೆಯ ಮೂರನೇ ಒಂದು ಪಾಲಿಗಿಂತ ಕಡಿಮೆ.

ಸರ್ಕಾರಿ ಶಾಲೆಯಲ್ಲಿ ಜಾಗವೇ ಇಲ್ಲದ ಕಡೆ, ಬಡವರಿಗೆ ಮಾತ್ರ, ವೋಚರ್ ನಡೆಯುತ್ತದೆ. ಇಡೀ ವ್ಯವಸ್ಥೆಯನ್ನೇ ಅದರ ಮೇಲೆ ನಿಲ್ಲಿಸುವುದಾದರೆ ಚಿಲಿ 2015ರಲ್ಲಿ ಹಾಕಿದ ತಡೆಗಳನ್ನು ಮೊದಲ ದಿನವೇ ಹಾಕಬೇಕು.

ಹಂಚುವುದು ಹೇಗೆ?

ಯಾರೂ ಜಾಸ್ತಿ ಮಾತಾಡದ ಆಯ್ಕೆ ಇದು. ಆದರೆ ನನ್ನ ಪ್ರಕಾರ ಅತಿ ಹೆಚ್ಚು ಫಲ ಕೊಟ್ಟಿದ್ದೂ ಇದೇ.

ಶಾಲೆಗಳನ್ನು ನಡೆಸುವುದು ಸ್ಥಳೀಯ ಸಂಸ್ಥೆಯಾದರೆ ಶ್ರೀಮಂತ ಪಟ್ಟಣದ ಶಾಲೆಗೆ ಒಂದು ರೀತಿ, ಬಡ ಹಳ್ಳಿಯ ಶಾಲೆಗೆ ಇನ್ನೊಂದು ರೀತಿ. ಬ್ರೆಜಿಲ್ 1996ರಲ್ಲಿ ಫುಂಡೆಫ್ ಅನ್ನೋ ನಿಧಿ ಮಾಡಿತು. ಪ್ರತಿ ರಾಜ್ಯದೊಳಗೆ ರಾಜ್ಯ ಮತ್ತು ನಗರಸಭೆಗಳ ತೆರಿಗೆಯ ಒಂದು ಪಾಲು ಒಂದೇ ಖಾತೆಗೆ ಬಂದು, ಅಲ್ಲಿಂದ ಮಕ್ಕಳ ತಲೆ ಎಣಿಸಿ ವಾಪಸ್ ಹೋಗುತ್ತದೆ. ಕಡಿಮೆ ಬಿದ್ದ ರಾಜ್ಯಗಳಿಗೆ ಕೇಂದ್ರ ತುಂಬಿಕೊಡುತ್ತದೆ. 2007ರಲ್ಲಿ ಇದು ಫುಂಡೆಬ್ ಆಗಿ ಶಿಶುವಿಹಾರದಿಂದ ಪ್ರೌಢಶಾಲೆಯವರೆಗೆ ಹರಡಿತು, 2020ರಲ್ಲಿ ಸಂವಿಧಾನದಲ್ಲಿ ಕಾಯಂ ಆಯಿತು.

ತಲೆ ಎಣಿಸಿ ಕೊಡುವುದು ನ್ಯಾಯ. ಆದರೆ ಮಗು ಕಲಿತರೂ ಅಷ್ಟೇ, ಕಲಿಯದಿದ್ದರೂ ಅಷ್ಟೇ. ಅಲ್ಲಿನ ಬಡ ರಾಜ್ಯ ಸಿಯಾರಾ ಇದಕ್ಕೊಂದು ಉಪಾಯ ಹುಡುಕಿತು. ಮಾರಾಟ ತೆರಿಗೆಯಿಂದ ನಗರಸಭೆಗಳಿಗೆ ಹೋಗುವ ಮೊತ್ತದಲ್ಲಿ ಒಂದು ಭಾಗವನ್ನು ಹೇಗೆ ಹಂಚಬೇಕು ಅಂತ ರಾಜ್ಯವೇ ತೀರ್ಮಾನಿಸಬಹುದಿತ್ತು. 2007ರ ಕಾನೂನಿನಲ್ಲಿ, ನಗರಸಭೆಗಳಿಗೆ ಹೋಗುವ ಒಟ್ಟು ಮೊತ್ತದ 100ರಲ್ಲಿ 18 ಪಾಲು ಮಕ್ಕಳ ಕಲಿಕೆಯ ಫಲಿತಾಂಶದ ಮೇಲೆ ಅಂತ ಬರೆದರು. ಎರಡನೇ ತರಗತಿಯ ಮಕ್ಕಳು ಓದಲು ಕಲಿತರೆ ಊರಿಗೆ ಹಣ ಬರುತ್ತದೆ. ಆ ಹಣವನ್ನು ರಸ್ತೆಗೂ ಬಳಸಬಹುದು, ಚರಂಡಿಗೂ ಬಳಸಬಹುದು. ಮೇಯರ್‌ಗೆ ಒಂದೇ ಸಲ ಓದಿನಲ್ಲಿ ಆಸಕ್ತಿ ಹುಟ್ಟಿತು! ಬರೀ ಆಮಿಷವಲ್ಲ, ರಾಜ್ಯ ಪುಸ್ತಕ, ತರಬೇತಿ, ಪರೀಕ್ಷೆ ಎಲ್ಲ ಒದಗಿಸಿತು. ಇನ್ನೊಂದು ಬಹುಮಾನ ಯೋಜನೆಯಲ್ಲಿ ಚೆನ್ನಾಗಿ ಮಾಡಿದ ಶಾಲೆಗೆ ಮೊತ್ತದ ಒಂದು ಭಾಗ ತಕ್ಷಣ ಸಿಗುತ್ತದೆ. ಉಳಿದದ್ದು ಬೇಕಾದರೆ ಹಿಂದುಳಿದ ಒಂದು ಶಾಲೆಯ ಜೊತೆ ಕೈಜೋಡಿಸಿ ಅದನ್ನೂ ಮೇಲೆತ್ತಬೇಕು. ಆ ರಾಜ್ಯದ ಸೊಬ್ರಾಲ್ ಪಟ್ಟಣ ಮುಖ್ಯಶಿಕ್ಷಕರನ್ನು ರಾಜಕೀಯ ಶಿಫಾರಸಿನ ಬದಲು ಅರ್ಹತೆಯ ಮೇಲೆ ಆರಿಸತೊಡಗಿತ್ತು. ಅದು ಇಡೀ ದೇಶದ ಪ್ರಾಥಮಿಕ ಶಾಲಾ ಶ್ರೇಣಿಯಲ್ಲಿ ಮೇಲಕ್ಕೆ ಬಂದು ನಿಂತಿತು. 2020ರ ತಿದ್ದುಪಡಿ ಈ ದಾರಿಯನ್ನು ಎಲ್ಲ ರಾಜ್ಯಗಳಿಗೂ ಕಡ್ಡಾಯ ಮಾಡಿದೆ.

ಅಪಾಯವೂ ಇದೆ. ಹಣ ಪರೀಕ್ಷೆಗೆ ಅಂಟಿಕೊಂಡರೆ ಪರೀಕ್ಷೆಯಲ್ಲಿ ಮೋಸ ಶುರುವಾಗಬಹುದು, ಕಲಿಯದ ಮಕ್ಕಳನ್ನು ಆ ದಿನ ಮನೆಯಲ್ಲೇ ಉಳಿಸಬಹುದು. ಪರೀಕ್ಷೆ ನಡೆಸುವವರು ಹೊರಗಿನವರಾಗಿರಬೇಕು, ಗೈರುಹಾಜರಾದ ಮಗುವಿಗೂ ಅಂಕ ಕಳೆಯಬೇಕು. ಅಷ್ಟು ಶಿಸ್ತು ಇಲ್ಲದಿದ್ದರೆ ತಲೆ ಎಣಿಕೆಗೇ ನಿಂತುಬಿಡುವುದು ಒಳ್ಳೆಯದು.

ಲ್ಯಾಪ್‌ಟಾಪ್, ವಿಶ್ವವಿದ್ಯಾಲಯ

ಲ್ಯಾಪ್‌ಟಾಪ್ ಬಗ್ಗೆ ಹೇಳುವುದು ಸ್ವಲ್ಪವೇ. ಪೆರು 2008ರಿಂದ ಲಕ್ಷಾಂತರ ಮಕ್ಕಳಿಗೆ ಹಂಚಿತು. ಗಣಿತ, ಭಾಷೆಯ ಅಂಕ ಅಲುಗಲಿಲ್ಲ. ಯಂತ್ರ ಕೊಟ್ಟು ಪಾಠ ಬದಲಿಸದಿದ್ದರೆ ಅಷ್ಟೇ.

ವಿಶ್ವವಿದ್ಯಾಲಯದ್ದು ಕಷ್ಟದ ಪ್ರಶ್ನೆ. ಒಬ್ಬ ವಿದ್ಯಾರ್ಥಿಗೆ ಆಗುವ ಖರ್ಚು ಪ್ರಾಥಮಿಕಕ್ಕಿಂತ ಎಷ್ಟೋ ಜಾಸ್ತಿ, ಅಲ್ಲಿಗೆ ತಲುಪುವ ಬಡ ಮಕ್ಕಳು ಕಡಿಮೆ. ಎಲ್ಲರಿಗೂ ಉಚಿತ ಅಂದರೆ ಅನುಕೂಲಸ್ಥರಿಗೇ ಹೆಚ್ಚು ಹೋಗುತ್ತದೆ. ಬ್ರೆಜಿಲ್ ಶುಲ್ಕ ಹಾಕಲಿಲ್ಲ. ಬದಲಿಗೆ 2012ರಲ್ಲಿ ಕೇಂದ್ರ ವಿಶ್ವವಿದ್ಯಾಲಯಗಳ ಅರ್ಧ ಸೀಟು ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಅಂತ ಕಾನೂನು ಮಾಡಿತು. ಚಿಲಿ 2016ರಿಂದ ಕೆಳಗಿನ ಅರ್ಧದಷ್ಟು ಕುಟುಂಬಗಳಿಗೆ ಉಚಿತ ಮಾಡಿ, ಆಮೇಲೆ ಶೇ 60ಕ್ಕೆ ಏರಿಸಿತು. ಹಣ ಸೀಮಿತವಾಗಿದ್ದರೆ ಚಿಲಿಯ ದಾರಿ ಹೆಚ್ಚು ಸರಿ ಅನಿಸುತ್ತದೆ. ಆದರೆ ಯಾರ ಆದಾಯ ಎಷ್ಟು ಅಂತ ನಂಬಬಹುದಾದ ಲೆಕ್ಕ ಸರ್ಕಾರದ ಬಳಿ ಇರಬೇಕು. ಅದಿಲ್ಲದ ದೇಶಕ್ಕೆ ಬ್ರೆಜಿಲ್‌ನದೇ ಸುಲಭ. ಯಾವ ಶಾಲೆಯಲ್ಲಿ ಓದಿದೆ ಅನ್ನೋದನ್ನು ಬಚ್ಚಿಡಲು ಆಗಲ್ಲ.

ಎರಡು ಯೋಜನೆ ಸಮಸಮ ಅನಿಸಿದರೆ

ಬಜೆಟ್ ಪುಸ್ತಕದಲ್ಲಿ ಮೊದಲು ಹಂಚಿಕೆಯ ಅಂಕಿ ಬಿಟ್ಟು ಎರಡು ವರ್ಷ ಹಿಂದಿನ ವಾಸ್ತವ ಖರ್ಚು ನೋಡಿ. ಒಟ್ಟು ಮೊತ್ತವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ. ಹುಟ್ಟುವ ಮಕ್ಕಳು ಕಡಿಮೆಯಾಗುತ್ತಿರುವ ದೇಶದಲ್ಲಿ ಬಜೆಟ್ ಏರದೇ ಇದ್ದರೂ ಒಂದು ಮಗುವಿನ ಪಾಲು ಏರುತ್ತಿರುತ್ತದೆ.

ಕೊನೆಗೂ ತೀರ್ಮಾನವಾಗದಿದ್ದರೆ ಆಂಧ್ರಪ್ರದೇಶ ಮತ್ತು ಜಾಂಬಿಯಾದ ಒಂದು ಅಧ್ಯಯನ ಸಹಾಯಕ್ಕೆ ಬರುತ್ತದೆ. ಶಾಲೆಗಳಿಗೆ ಪುಸ್ತಕ, ಕಲಿಕಾ ಸಾಮಗ್ರಿಗೆ ಅನುದಾನ ಕೊಟ್ಟಾಗ, ಅದು ಅನಿರೀಕ್ಷಿತವಾಗಿದ್ದರೆ ಅಂಕ ಏರಿತು. ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಏರಲಿಲ್ಲ. ಏಕೆಂದರೆ ತಂದೆತಾಯಿ ತಾವು ಕೊಳ್ಳುತ್ತಿದ್ದುದನ್ನು ಅಷ್ಟಕ್ಕಷ್ಟು ಕಡಿಮೆ ಮಾಡಿದ್ದರು. ಅವರ ಮನೆಖರ್ಚಿಗೆ ಅನುಕೂಲವಾಯಿತು, ಅದೂ ಒಳ್ಳೆಯದೇ. ಆದರೆ ಕಲಿಕೆ ಹೆಚ್ಚಬೇಕು ಅನ್ನೋದೇ ಗುರಿಯಾದರೆ ಮನೆಯವರು ಅಂಗಡಿಯಲ್ಲಿ ಕೊಳ್ಳಲು ಆಗದ್ದಕ್ಕೆ ಹಣ ಹಾಕಿ: ತರಬೇತಾದ ಶಿಕ್ಷಕರು, ತರಗತಿಗೆ ಬಂದು ನೋಡುವ ಅಧಿಕಾರಿ, ಹಿಂದುಳಿದವರಿಗೆ ಬೇರೆ ಗಂಟೆ. ನೋಟ್‌ಬುಕ್ಕೂ ಕೊಳ್ಳಲಾಗದ ಮನೆಗಳು ಜಾಸ್ತಿ ಇರುವ ಜಿಲ್ಲೆಗಳಲ್ಲಿ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಅಲ್ಲಿ ನೋಟ್‌ಬುಕ್ಕನ್ನೂ ಸರ್ಕಾರವೇ ಕೊಡಬೇಕು.